ವಾಕ್ ಚಿಕಿತ್ಸೆಯನ್ನು ವೃತ್ತಿಯಾಗಿ ಆರಿಸಿಕೊಳ್ಳಬಹುದೇ?

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನವಳು. ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದಿ ಮುಗಿಸಿದ್ದೇನೆ. ನೀಟ್‌ನಲ್ಲಿ ವೈದ್ಯಕೀಯ ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಬಿಎಎಸ್‌ಎಲ್‌ಪಿ (ಶ್ರವಣ ಮತ್ತು ವಾಕ್ ಚಿಕಿತ್ಸೆಯ ಪದವಿ) ಸೇರಿಕೋ ಎಂದು ನಮ್ಮ ಉಪನ್ಯಾಸಕರೊಬ್ಬರು ಹೇಳುತ್ತಿದ್ದಾರೆ. ‘ಮಾತು ಕಲಿಸುವುದಕ್ಕೆ ನಾಲ್ಕು ವರ್ಷ ಓದಬೇಕೇ’ ಎಂದು ಅಪ್ಪ ಕೇಳುತ್ತಾರೆ. ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ಆಡುವುದು ತೆಲುಗು. ಚಿಕ್ಕವಳಿದ್ದಾಗ ಉಗ್ಗುತ್ತಿದ್ದೆ, ಈಗಲೂ ಹೊಸಬರ ಮುಂದೆ ಮಾತು ತಡೆಯುತ್ತದೆ. ಇಂಥವಳು ಈ ಕೋರ್ಸಿಗೆ ಹೋಗಬಹುದೇ? ಓದಿದ ಮೇಲೆ ನಮ್ಮ ಕಡೆಯೇ ಕೆಲಸ ಸಿಗುತ್ತದೆಯೇ?

ಉತ್ತರ: ನಿಮ್ಮ ತಂದೆಯವರ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅದು ಅವರೊಬ್ಬರ ಪ್ರಶ್ನೆಯಲ್ಲ. ಮಗುವನ್ನು ಎದುರು ಕೂರಿಸಿಕೊಂಡು ನಾಲ್ಕು ಪದ ಹೇಳಿಸುವುದೇ ವಾಕ್ ಚಿಕಿತ್ಸೆ ಎಂದು ತಿಳಿದವರು ಆಸ್ಪತ್ರೆಗಳ ಒಳಗೂ ಇದ್ದಾರೆ.

ಐದು ವರ್ಷದ ಮಗುವೊಂದು ‘ಕ’ ಎನ್ನಬೇಕಾದಲ್ಲೆಲ್ಲ ‘ತ’ ಎನ್ನುತ್ತದೆ, ‘ಗ’ ಬರಬೇಕಾದಲ್ಲಿ ‘ದ’ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಕಾಗೆ ಎಂಬುದು ಅದರ ಬಾಯಲ್ಲಿ ‘ತಾದೆ’ ಆಗುತ್ತದೆ. ‘ಸರಿಯಾಗಿ ಹೇಳು, ಕಾಗೆ’ ಎಂದು ತಾಯಿ ನೂರು ಸಲ ತಿದ್ದಿರುತ್ತಾರೆ, ಮಗು ನೂರು ಸಲವೂ ಅಷ್ಟೇ ಆತ್ಮವಿಶ್ವಾಸದಿಂದ ‘ತಾದೆ’ ಎಂದಿರುತ್ತದೆ. ಚಿಕಿತ್ಸಕರು ಮೊದಲು ಮಾಡುವ ಕೆಲಸ ತಿದ್ದುವುದಲ್ಲ. ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸುವುದು. ಬಳಿಕ ಅಂಗುಳು, ನಾಲಿಗೆ, ಹಲ್ಲುಗಳನ್ನು ನೋಡಿ, ಯಾವ ಯಾವ ಧ್ವನಿ ಪದದ ಆರಂಭದಲ್ಲಿ ತಪ್ಪುತ್ತದೆ, ಯಾವುದು ಪದದ ನಡುವೆ ತಪ್ಪುತ್ತದೆ ಎಂದು ಚಿತ್ರಗಳನ್ನು ತೋರಿಸಿ, ಹೆಸರು ಹೇಳಿಸಿ ಬರೆದುಕೊಳ್ಳುತ್ತಾರೆ. ‘ತ’ ಎನ್ನುವಾಗ ನಾಲಿಗೆಯ ತುದಿ ಹಲ್ಲಿಗೆ ತಾಗುತ್ತದೆ, ‘ಕ’ ಎನ್ನುವಾಗ ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳನ್ನು ಮುಟ್ಟುತ್ತದೆ. ಈ ವ್ಯತ್ಯಾಸವನ್ನು ಮಗುವಿಗೆ ಬಾಯಿಮಾತಿನಲ್ಲಿ ವಿವರಿಸಲಾಗದು. ಆದ್ದರಿಂದ ಕನ್ನಡಿಯ ಮುಂದೆ ಕೂರಿಸಿ, ಮರದ ಕಡ್ಡಿಯಿಂದ ನಾಲಿಗೆಯ ತುದಿಯನ್ನು ಮೆಲ್ಲಗೆ ಒತ್ತಿ ಹಿಡಿದು ‘ತ’ ಹೇಳಲು ಕೇಳುತ್ತಾರೆ. ತುದಿ ಏಳಲಾರದ್ದರಿಂದ ಹಿಂಭಾಗ ತಾನಾಗಿ ಏಳುತ್ತದೆ, ಮಗುವಿಗೇ ಅಚ್ಚರಿಯಾಗುವಂತೆ ‘ಕ’ ಹೊರಬೀಳುತ್ತದೆ. ಅಲ್ಲಿಂದ ಮುಂದೆ ‘ಕಾಗೆ’ಗಿಂತ ಮೊದಲು ‘ಅಕ್ಕ’, ‘ಬೆಕ್ಕು’ ಎಂಬ ಪದಗಳನ್ನು ಎತ್ತಿಕೊಳ್ಳುವುದು ಜಾಣತನ, ಏಕೆಂದರೆ ಒತ್ತಕ್ಷರದಲ್ಲಿ ನಾಲಿಗೆ ಆ ಜಾಗದಲ್ಲಿ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ. ಪದದಿಂದ ವಾಕ್ಯಕ್ಕೆ, ವಾಕ್ಯದಿಂದ ಕಥೆಗೆ, ಚಿಕಿತ್ಸಾ ಕೊಠಡಿಯಿಂದ ಮನೆಯ ಜಗಲಿಗೆ ಆ ಧ್ವನಿಯನ್ನು ದಾಟಿಸುವುದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ.

ಈ ವೃತ್ತಿಯಲ್ಲಿ ಸುಲಭವಾದ ಪ್ರಕರಣ ಇದು ಎಂಬುದನ್ನು ನಿಮ್ಮ ತಂದೆಯವರಿಗೆ ತಿಳಿಸಿ. ಲಕ್ವ ಹೊಡೆದು ಮಿದುಳಿನ ಎಡಭಾಗಕ್ಕೆ ಪೆಟ್ಟಾದವರಲ್ಲಿ ಅಫೇಸಿಯಾ, ಅಂದರೆ ಭಾಷೆಯನ್ನು ಬಳಸುವ ಶಕ್ತಿ ಕುಂದುವ ಸ್ಥಿತಿ, ಉಂಟಾಗಬಹುದು. ಅಂಥವರಲ್ಲಿ ಕೆಲವರು ಒಂದರಿಂದ ಹತ್ತರವರೆಗೆ ಸರಾಗವಾಗಿ ಎಣಿಸುತ್ತಾರೆ, ದಿನವೂ ಹೇಳುತ್ತಿದ್ದ ದೇವರನಾಮವನ್ನು ಸಾಲು ತಪ್ಪದೆ ಹೇಳುತ್ತಾರೆ, ಆದರೆ ‘ನೀರು ಕೊಡು’ ಎನ್ನಲು ಆಗದೆ ಕಣ್ಣೀರು ಹಾಕುತ್ತಾರೆ. ಮಾತನಾಡಲು ಯತ್ನಿಸಿದರೆ ವಿಭಕ್ತಿ ಪ್ರತ್ಯಯಗಳು ಉದುರಿಹೋಗಿ ‘ಅಂಗಡಿ… ಸಕ್ಕರೆ… ಹೋಗು’ ಎಂಬಷ್ಟು ಮಾತ್ರ ಹೊರಡುತ್ತದೆ. ‘ಹಾಡಲು ಬರುವವರಿಗೆ ಮಾತನಾಡಲು ಬಾರದೇ, ಬೇಕೆಂದೇ ಮಾಡುತ್ತಿದ್ದಾರೆ’ ಎಂದು ಮನೆಯವರು ಸಿಟ್ಟಾಗುತ್ತಾರೆ. ರೂಢಿಯಾಗಿ ಬಾಯಿಗೆ ಬರುವ ಮಾತು ಮತ್ತು ಯೋಚಿಸಿ ಕಟ್ಟುವ ಮಾತು ಮಿದುಳಿನಲ್ಲಿ ಒಂದೇ ರೀತಿ ನಡೆಯುವುದಿಲ್ಲ ಎಂಬುದನ್ನು ಅವರಿಗೆ ತಿಳಿಸಿ ಹೇಳುವುದೂ ಚಿಕಿತ್ಸೆಯ ಭಾಗವೇ.

ನುಂಗುವ ತೊಂದರೆಯೂ ವಾಕ್ ಚಿಕಿತ್ಸಕರ ವ್ಯಾಪ್ತಿಗೇ ಬರುತ್ತದೆ ಎಂಬುದು ಬಹಳ ಜನರಿಗೆ ತಿಳಿಯದು. ಮಾತಿಗೆ ಬಳಕೆಯಾಗುವ ನಾಲಿಗೆ, ಗಂಟಲು, ಸ್ನಾಯುಗಳೇ ನುಂಗುವುದಕ್ಕೂ ಬಳಕೆಯಾಗುತ್ತವೆ. ಲಕ್ವದ ನಂತರ ಅನೇಕರಿಗೆ ಗಟ್ಟಿ ಪದಾರ್ಥಕ್ಕಿಂತ ನೀರು ಹೆಚ್ಚು ಅಪಾಯಕಾರಿ. ತೆಳುವಾದ ದ್ರವ ವೇಗವಾಗಿ ಹರಿದು, ಶ್ವಾಸನಾಳ ಮುಚ್ಚಿಕೊಳ್ಳುವ ಮೊದಲೇ ಅದರೊಳಗೆ ಇಳಿದು ನ್ಯುಮೋನಿಯಾಕ್ಕೆ ದಾರಿ ಮಾಡಬಹುದು. ನಮ್ಮ ಕಡೆಯ ಜಿಲ್ಲೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ರೋಗಿ ತುಸು ಚೇತರಿಸಿಕೊಂಡ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಮುದ್ದೆ ಕೊಡಬಹುದೇ’ ಎಂಬುದು. ರಾಗಿ ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ಇಡಿಯಾಗಿ ನುಂಗುತ್ತೇವೆ. ಹೊರದೇಶದ ಪಠ್ಯಪುಸ್ತಕದ ಆಹಾರ ಪಟ್ಟಿಯಲ್ಲಿ ಅದು ಇರುವುದಿಲ್ಲ. ನುಂಗುವ ಕ್ರಿಯೆ ತಡವಾಗಿ ಆರಂಭವಾಗುವ ರೋಗಿಗೆ ಆ ತುತ್ತು ಗಂಟಲಲ್ಲಿ ನಿಲ್ಲಬಹುದು. ಹಾಗೆಂದು ಅರವತ್ತು ವರ್ಷ ಮುದ್ದೆ ಉಂಡವರಿಗೆ ಬ್ರೆಡ್ಡು ತಿನ್ನಿ ಎಂದರೆ ಊಟವನ್ನೇ ಬಿಟ್ಟಾರು. ಗಂಜಿಯಿಂದ ಆರಂಭಿಸಿ ಯಾವ ಹಂತದಲ್ಲಿ, ಎಷ್ಟು ಮೆದುವಾಗಿ, ಎಷ್ಟು ಸಣ್ಣ ತುತ್ತಾಗಿ ಮುದ್ದೆಯನ್ನು ಮರಳಿ ಕೊಡಬಹುದು ಎಂಬುದನ್ನು ಆ ರೋಗಿಯನ್ನು ಪರೀಕ್ಷಿಸಿದವರು ಮಾತ್ರ ತೀರ್ಮಾನಿಸಬೇಕು, ಮತ್ತು ಮುದ್ದೆ ಎಂದರೇನೆಂದು ಬಲ್ಲವರು ತೀರ್ಮಾನಿಸಿದರೆ ಚೆನ್ನು.

ಇವುಗಳಲ್ಲದೆ ಧ್ವನಿಯ ತೊಂದರೆಗಳಿವೆ. ದಿನವಿಡೀ ತರಗತಿಯಲ್ಲಿ ಗಟ್ಟಿಯಾಗಿ ಮಾತನಾಡುವ ಶಿಕ್ಷಕರು, ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗುವವರು, ಪೌರಾಣಿಕ ನಾಟಕಗಳಲ್ಲಿ ಕಂದಪದ್ಯ ಹಾಡುವವರು ಗಂಟಲು ಒಡೆದು ಬರುತ್ತಾರೆ. ಸ್ವರತಂತುಗಳ ಮೇಲೆ ಎದ್ದ ಸಣ್ಣ ಗಂಟುಗಳು ಹಲವು ಸಲ ಶಸ್ತ್ರಚಿಕಿತ್ಸೆಯಿಲ್ಲದೆ, ಧ್ವನಿಯನ್ನು ಬಳಸುವ ಕ್ರಮ ಬದಲಾಯಿಸಿದರೆ ಇಳಿಯುತ್ತವೆ. ಸೀಳುತುಟಿ, ಸೀಳು ಅಂಗುಳಿನ ಮಕ್ಕಳು, ಆಟಿಸಂ ಇರುವ ಮಕ್ಕಳು, ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲೆಂದು ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಸಾಧನ) ಹಾಕಿಸಿಕೊಂಡ ಮಕ್ಕಳು, ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ಕಳೆದುಕೊಂಡವರು, ಇವರೆಲ್ಲರೂ ಇದೇ ಬಾಗಿಲಿಗೆ ಬರುವವರು. ನಾಲ್ಕು ವರ್ಷ ಕಡಿಮೆಯೇ ಹೊರತು ಹೆಚ್ಚಲ್ಲ.

ಕೋರ್ಸಿನ ಸಂಗತಿಗೆ ಬರೋಣ. ಬಿಎಎಸ್‌ಎಲ್‌ಪಿ ಎಂಬುದು ಶ್ರವಣ ವಿಜ್ಞಾನ ಮತ್ತು ವಾಕ್-ಭಾಷಾ ಚಿಕಿತ್ಸೆ ಎರಡನ್ನೂ ಒಳಗೊಂಡ ನಾಲ್ಕು ವರ್ಷದ ಪದವಿ. ಅದರಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್. ಬಳಿಕ ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಎರಡರಲ್ಲೊಂದನ್ನು ಆರಿಸಿಕೊಳ್ಳಬಹುದು. ನಮ್ಮ ರಾಜ್ಯದಲ್ಲಿ ಮೊದಲ ಹೆಸರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಎಲ್ಲರೂ ಆಯಿಷ್ ಎಂದು ಕರೆಯುವ ಕೇಂದ್ರ ಆರೋಗ್ಯ ಸಚಿವಾಲಯದ ಸಂಸ್ಥೆ. 1965ರಲ್ಲಿ ಆರಂಭವಾದ ಅದು ಮಾನಸಗಂಗೋತ್ರಿಯ ಪಕ್ಕದಲ್ಲಿದೆ, ರಾಷ್ಟ್ರಮಟ್ಟದಲ್ಲಿ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಸೀಟುಗಳು ಕಡಿಮೆ, ಸ್ಪರ್ಧೆ ಹೆಚ್ಚು. ಅದು ಸಿಗದಿದ್ದರೆ ಮೈಸೂರಿನಲ್ಲಿ ಜೆಎಸ್‌ಎಸ್, ಬೆಂಗಳೂರಿನಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ, ಮಂಗಳೂರಿನಲ್ಲಿ ಫಾದರ್ ಮುಲ್ಲರ್, ಮಣಿಪಾಲದ ಕಾಲೇಜು ಮುಂತಾದವು ಇವೆ. ಖಾಸಗಿ ಕಾಲೇಜುಗಳ ಶುಲ್ಕದಲ್ಲಿ ಬಹಳ ಅಂತರವಿರುವುದರಿಂದ ಹಾಸ್ಟೆಲ್ ಖರ್ಚನ್ನೂ ಸೇರಿಸಿ, ನಾಲ್ಕೂ ವರ್ಷದ ಒಟ್ಟು ಮೊತ್ತವನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಕಾಲೇಜು ಯಾವುದೇ ಇರಲಿ, ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಆ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಇದೆಯೇ ಎಂದು ಪರಿಷತ್ತಿನ ಜಾಲತಾಣದಲ್ಲಿ ನೀವೇ ನೋಡಿಕೊಳ್ಳಬೇಕು. ಕಾಲೇಜಿನ ಕರಪತ್ರವನ್ನು ನಂಬಿ ಹಣ ಕಟ್ಟಬಾರದು. 1992ರ ಪುನರ್ವಸತಿ ಪರಿಷತ್ ಕಾಯ್ದೆಯ ಪ್ರಕಾರ ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದೆ ಈ ವೃತ್ತಿ ನಡೆಸುವುದು ಅಪರಾಧ, ಒಂದು ವರ್ಷದವರೆಗೆ ಸೆರೆವಾಸವನ್ನೂ ವಿಧಿಸಬಹುದು. ಕಾಯ್ದೆ ಹೀಗಿದ್ದರೂ ಕೆಲವೇ ದಿನಗಳ ತರಬೇತಿ ಪಡೆದು ‘ಸ್ಪೀಚ್ ಥೆರಪಿ’ ಎಂದು ಬೋರ್ಡು ಹಾಕಿಕೊಂಡವರು ಜಿಲ್ಲಾ ಕೇಂದ್ರಗಳಲ್ಲಿ ಕಾಣಸಿಗುತ್ತಾರೆ. ಒಂದು ವರ್ಷದ ಡಿಪ್ಲೊಮಾ ಕೂಡ ಇದೆ, ಅದು ತನ್ನ ಮಟ್ಟಿಗೆ ಮರ್ಯಾದೆಯ ಕೋರ್ಸೇ. ಆದರೆ ಅದನ್ನು ಮುಗಿಸಿದವರು ಪರಿಣತರ ಕೈಕೆಳಗೆ ಸಹಾಯಕರಾಗಿ ದುಡಿಯುವವರು, ಸ್ವತಂತ್ರ ಚಿಕಿತ್ಸಕರಲ್ಲ. ಎರಡೂ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಕಷ್ಟವಾಗುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಪಾಠ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ. ಅಂಗರಚನೆಯನ್ನು ಪಿಯುಸಿ ಜೀವಶಾಸ್ತ್ರದ ಬಲದಿಂದ ದಾಟಬಹುದು. ಹೆಚ್ಚಿನವರು ಎಡವುವುದು ಧ್ವನಿಯ ಭೌತಶಾಸ್ತ್ರದಲ್ಲಿ: ಡೆಸಿಬೆಲ್ ಲಾಗರಿದಮ್ ಮಾಪನವಾದ್ದರಿಂದ 60 ಡೆಸಿಬೆಲ್ ಎಂಬುದು 30ರ ಎರಡರಷ್ಟಲ್ಲ, ಶಕ್ತಿಯ ಲೆಕ್ಕದಲ್ಲಿ ಅದರ ಸಾವಿರ ಪಟ್ಟು. ಈ ಒಂದು ಅಧ್ಯಾಯವನ್ನು ಸೇರುವ ಮೊದಲೇ ಓದಿಕೊಂಡರೆ ಆಡಿಯೋಗ್ರಾಮ್ (ಶ್ರವಣ ಪರೀಕ್ಷೆಯ ನಕ್ಷೆ) ಓದುವಾಗ ಕೈ ನಡುಗುವುದಿಲ್ಲ. ಆದರೆ ಎರಡನೆಯ ವರ್ಷಕ್ಕೆ, ಕ್ಲಿನಿಕ್ಕಿನ ಕೆಲಸ ಹೆಚ್ಚಾಗುವಾಗ, ತಕ್ಕಡಿ ನಿಮ್ಮ ಕಡೆಗೆ ವಾಲುತ್ತದೆ. ರೋಗಿ ಇಂಗ್ಲಿಷಿನಲ್ಲಿ ಉಗ್ಗುವುದಿಲ್ಲ. ಇಂಗ್ಲಿಷಿನಲ್ಲಿ ಮೊದಲಿಗರಾದ ಹೊರರಾಜ್ಯದ ಸಹಪಾಠಿಗಳು ಹಳ್ಳಿಯ ಅಜ್ಜಿಯೊಬ್ಬರ ಬಳಿ ಮಗುವಿನ ಪೂರ್ವವೃತ್ತಾಂತ ಕೇಳಲಾಗದೆ ನಿಮ್ಮ ಮುಖ ನೋಡುವ ದಿನ ಬಂದೇ ಬರುತ್ತದೆ.

ಮನೆಯ ತೆಲುಗನ್ನು ನೀವು ಕೊರತೆಯ ಪಟ್ಟಿಗೆ ಸೇರಿಸಿದ್ದೀರಿ. ನನ್ನ ಪ್ರಕಾರ ನಿಮ್ಮ ಪತ್ರದಲ್ಲಿರುವ ಅತಿ ದೊಡ್ಡ ಅರ್ಹತೆ ಅದೇ. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಅತ್ತ ಪಾವಗಡ, ಇಲ್ಲೆಲ್ಲ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಸಾಮಾನ್ಯ. ಕೆಜಿಎಫ್‌ನಲ್ಲಿ ತಮಿಳು, ಎಲ್ಲ ಪಟ್ಟಣಗಳಲ್ಲೂ ಉರ್ದು. ಕನ್ನಡದ ಉಚ್ಚಾರಣಾ ಪರೀಕ್ಷೆಯೊಂದು 1972ರಷ್ಟು ಹಿಂದೆಯೇ ಸಿದ್ಧವಾಗಿದೆ, ಆ ಬಳಿಕವೂ ಹಲವು ಪರೀಕ್ಷೆಗಳು ಬಂದಿವೆ. ಆದರೆ ಮನೆಯಲ್ಲಿ ತೆಲುಗು ಆಡುವ ಮಗುವನ್ನು ಕನ್ನಡದಲ್ಲಿ ಮಾತ್ರ ಪರೀಕ್ಷಿಸಿ ‘ಭಾಷೆ ಹಿಂದಿದೆ’ ಎಂದು ಬರೆದರೆ ಆ ವರದಿಗೆ ಬೆಲೆಯಿಲ್ಲ. ಎರಡೂ ಭಾಷೆಗಳಲ್ಲಿ ಹಿಂದಿದ್ದರೆ ಮಾತ್ರ ಅದು ತೊಂದರೆ. ‘ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗಿದೆ, ಇನ್ನು ಮೇಲೆ ಇಂಗ್ಲಿಷ್ ಒಂದರಲ್ಲೇ ಮಾತನಾಡಿ’ ಎಂಬ ಸಲಹೆಯನ್ನು ಕೆಲವರು ಇಂದಿಗೂ ಕೊಡುತ್ತಾರೆ. ಇದಕ್ಕೆ ಆಧಾರವಿಲ್ಲ, ಹಲವು ಭಾಷೆ ಕೇಳಿ ಬೆಳೆಯುವುದರಿಂದ ಮಾತು ನಿಲ್ಲುವುದಿಲ್ಲ. ಆ ಸಲಹೆಯಿಂದಾಗುವುದು ಇಷ್ಟೇ: ಇಂಗ್ಲಿಷ್ ಬಾರದ ಅಜ್ಜಿ ಮಗುವಿನೊಂದಿಗೆ ಮಾತನಾಡುವುದನ್ನೇ ನಿಲ್ಲಿಸುತ್ತಾರೆ, ಮಾತು ಕೇಳಬೇಕಾದ ಮಗುವಿಗೆ ಕೇಳಿಸುವ ಮಾತು ಇನ್ನಷ್ಟು ಕಡಿಮೆಯಾಗುತ್ತದೆ. ಹಾಗೆಯೇ ಮನೆಮಂದಿಯೆಲ್ಲ ಹಾಲನ್ನು ‘ಆಲು’ ಎನ್ನುವ ಕಡೆ ಮಗುವೂ ‘ಆಲು’ ಎಂದರೆ ಅದು ಆ ಊರಿನ ನುಡಿ, ಚಿಕಿತ್ಸೆ ಬೇಕಾದ ದೋಷವಲ್ಲ. ಈ ವಿವೇಚನೆ ಊರನ್ನು ಬಲ್ಲವರಿಗೆ ಬೇಗ ಬರುತ್ತದೆ.

ಉಗ್ಗಿನ ಬಗ್ಗೆ ನೀವು ತುಸು ಸಂಕೋಚದಿಂದ ಕೇಳಿದಂತಿದೆ. ಸುಮಾರು ಶೇ. 5ರಷ್ಟು ಮಕ್ಕಳು ಬಾಲ್ಯದಲ್ಲಿ ಯಾವುದೋ ಹಂತದಲ್ಲಿ ಉಗ್ಗುತ್ತಾರೆ, ಅವರಲ್ಲಿ ಹೆಚ್ಚಿನವರಿಗೆ ಅದು ಹೋಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಉಗ್ಗು ಹೆದರಿಕೆಯಿಂದ ಹುಟ್ಟುವ ರೋಗವಲ್ಲ, ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಉಗ್ಗಿನ ಚಿಕಿತ್ಸೆಯ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರಾದ ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ಸ್ವತಃ ಉಗ್ಗುತ್ತಿದ್ದವರು. ಉಗ್ಗದೇ ಇರಲು ಹೆಣಗುವ ಬದಲು ಹೆಣಗಾಟವಿಲ್ಲದೆ ಉಗ್ಗುವುದನ್ನು ಕಲಿಯಬೇಕು ಎಂಬ ಮಾರ್ಗ ಅವರದು. ನಿಮ್ಮ ಮಾತು ಅಲ್ಲಲ್ಲಿ ತಡೆಯುತ್ತದೆ ಎಂಬ ಕಾರಣಕ್ಕೆ ಈ ವೃತ್ತಿ ನಿಮಗೆ ಮುಚ್ಚಿಲ್ಲ. ಆದರೆ ಸೇರುವ ಮೊದಲು ನೀವೇ ಒಬ್ಬ ವಾಕ್ ಚಿಕಿತ್ಸಕರ ಬಳಿ ಕೆಲವು ತಿಂಗಳು ಚಿಕಿತ್ಸೆ ಪಡೆಯಿರಿ ಎನ್ನುತ್ತೇನೆ. ಮೌಖಿಕ ಪರೀಕ್ಷೆಗಳಿಗೆ ಅದು ನೆರವಾಗುತ್ತದೆ. ಜೊತೆಗೆ ರೋಗಿಯ ಕುರ್ಚಿಯಲ್ಲಿ ಕುಳಿತು ನೋಡಿದ ಅನುಭವ ಸಹಪಾಠಿಗಳಲ್ಲಿ ಹೆಚ್ಚಿನವರಿಗೆ ಇರುವುದಿಲ್ಲ.

ಇನ್ನು ಕೆಲಸ. ಬೇಡಿಕೆಯೂ ಹುದ್ದೆಯೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕು. ಬೇಡಿಕೆ ಧಾರಾಳವಾಗಿದೆ. ಹುಟ್ಟಿನಿಂದಲೇ ಶ್ರವಣದೋಷವಿರುವ ಮಗುವಿಗೆ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಒಪ್ಪಿತ ಗುರಿ. ನಮ್ಮಲ್ಲಿ ಬಜೆ ತೇಯ್ದು ನಾಲಿಗೆಗೆ ಸವರಿ, ‘ಗಂಡುಮಕ್ಕಳಿಗೆ ಮಾತು ತಡ’ ಎಂದು ಸಮಾಧಾನ ಹೇಳಿಕೊಂಡು, ನಾಲಿಗೆಯಡಿಯ ಪೊರೆ ಕತ್ತರಿಸಿಯೂ ನೋಡಿ, ಮೂರು-ನಾಲ್ಕು ವರ್ಷ ಕಳೆದ ಮೇಲೆ ಬರುವವರು ಇನ್ನೂ ಇದ್ದಾರೆ. ಬಂದವರೂ ವಾರಕ್ಕೆ ಎರಡು ದಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಾದಾಗ ಕೂಲಿ ತಪ್ಪುತ್ತದೆ, ನಾಲ್ಕಾರು ಸಲ ಹೋಗಿ ಬಿಟ್ಟುಬಿಡುತ್ತಾರೆ. ಆದರೆ ಇಷ್ಟು ಬೇಡಿಕೆಗೆ ತಕ್ಕ ಹುದ್ದೆಗಳಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಿ, ತೊಂದರೆಯಿದ್ದವರನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತವೆ. ಅಲ್ಲಿ ಶ್ರವಣ-ವಾಕ್ ತಜ್ಞರ ಹುದ್ದೆ ಇರುತ್ತದೆ, ಆದರೆ ಅದು ಗುತ್ತಿಗೆಯದು. ವೈದ್ಯಕೀಯ ಕಾಲೇಜುಗಳ ಕಿವಿ-ಮೂಗು-ಗಂಟಲು ವಿಭಾಗಗಳಲ್ಲಿ, ವಿಶೇಷ ಶಾಲೆಗಳಲ್ಲಿ, ಮಕ್ಕಳ ಬೆಳವಣಿಗೆಯ ಖಾಸಗಿ ಕೇಂದ್ರಗಳಲ್ಲಿ ಕೆಲಸವಿದೆ. ಖಾಯಂ ಸರ್ಕಾರಿ ಹುದ್ದೆಯೊಂದನ್ನೇ ಗುರಿಯಾಗಿಟ್ಟುಕೊಂಡು ಈ ಪದವಿಗೆ ಸೇರುವುದಾದರೆ ನಾನು ಬೇಡ ಎನ್ನುತ್ತೇನೆ.

ಪದವಿ ಮುಗಿಸಿದ ಕೂಡಲೇ ಶ್ರವಣ ಸಾಧನ ಮಾರುವ ಮಳಿಗೆಗಳು ಕರೆದು ಕೆಲಸ ಕೊಡುತ್ತವೆ. ಸಂಬಳ ಆರಂಭದಲ್ಲಿ ಆಕರ್ಷಕವಾಗಿ ಕಾಣುತ್ತದೆ, ಜೊತೆಗೆ ಮಾರಾಟದ ಗುರಿಯೂ ಇರುತ್ತದೆ. ಗೌರವದಿಂದ ನಡೆಯುವ ಮಳಿಗೆಗಳಿಲ್ಲವೆಂದಲ್ಲ. ಆದರೆ ಮೊದಲ ಕೆಲಸವಾಗಿ ಅದನ್ನು ನಾನು ಸೂಚಿಸುವುದಿಲ್ಲ, ಏಕೆಂದರೆ ಎರಡು ವರ್ಷ ಅಲ್ಲಿ ಕಳೆದರೆ ಚಿಕಿತ್ಸೆಯ ಕೈ ಮರೆತುಹೋಗುತ್ತದೆ. ಅದರ ಬದಲು ಹಿರಿಯರೊಬ್ಬರ ಕೈಕೆಳಗೆ, ಮಕ್ಕಳೂ ಲಕ್ವದ ರೋಗಿಗಳೂ ಇಬ್ಬರೂ ಬರುವ ಆಸ್ಪತ್ರೆಯಲ್ಲಿ ಸೇರಿ. ಬೋಧನೆ, ಸಂಶೋಧನೆ ಅಥವಾ ಅಮೆರಿಕದಂಥ ದೇಶದ ಆಸೆಯಿದ್ದರೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಅಮೆರಿಕದಲ್ಲಿ ವಾಕ್ ಚಿಕಿತ್ಸಕರಾಗಲು ಅದು ಕನಿಷ್ಠ ಅರ್ಹತೆ.

ನೀಟ್ ಕೈಕೊಟ್ಟಿತೆಂಬ ಒಂದೇ ಕಾರಣಕ್ಕೆ ಇಲ್ಲಿಗೆ ಬರುವವರ ವಿಷಯದಲ್ಲಿ ನನಗೆ ಹಿಂಜರಿಕೆಯಿದೆ. ಇಲ್ಲಿ ಔಷಧ ಬರೆದುಕೊಡುವುದಿಲ್ಲ, ಮೂರು ದಿನದಲ್ಲಿ ಗುಣವಾಗುವುದಿಲ್ಲ, ಜನ ‘ಡಾಕ್ಟ್ರೇ’ ಎಂದು ಕರೆದರೂ ನೀವು ವೈದ್ಯರಲ್ಲ. ಮುಕ್ಕಾಲು ಗಂಟೆ ನೆಲದ ಮೇಲೆ ಕುಳಿತು ಆಡಿಸಿದರೂ ಮಗು ಒಂದು ಸಲವೂ ಮುಖವೆತ್ತಿ ನೋಡದ ದಿನಗಳಿರುತ್ತವೆ, ಆ ದಿನವೂ ವರದಿ ಬರೆಯಬೇಕು, ಕಾಯುತ್ತಿರುವ ತಾಯಿಗೆ ಮನೆಯಲ್ಲಿ ಮಾಡಬೇಕಾದ್ದನ್ನು ತಾಳ್ಮೆಯಿಂದ ಹೇಳಬೇಕು. ಅರ್ಜಿ ಹಾಕುವ ಮೊದಲು ಕೋಲಾರ ಅಥವಾ ಬೆಂಗಳೂರಿನ ಯಾವುದಾದರೂ ಆಸ್ಪತ್ರೆಯಲ್ಲಿ ಅನುಮತಿ ಪಡೆದು, ಒಂದೇ ಮಗುವಿನ ಚಿಕಿತ್ಸೆಯನ್ನು ಬೇರೆ ಬೇರೆ ವಾರಗಳಲ್ಲಿ ಕುಳಿತು ನೋಡಿ. ಮೊದಲ ದಿನ ಎಲ್ಲರಿಗೂ ಕುತೂಹಲವಿರುತ್ತದೆ. ನಾಲ್ಕನೆಯ ಸಲವೂ ಮಗುವಿನ ಬಾಯಲ್ಲಿ ಏನು ಬದಲಾಯಿತು ಎಂದು ನೀವು ಗಮನಿಸುತ್ತಿದ್ದರೆ ಧೈರ್ಯವಾಗಿ ಸೇರಿ. ಗಡಿಯಾರ ನೋಡುತ್ತಿದ್ದರೆ ಬೇರೆ ಕೋರ್ಸುಗಳೂ ಇವೆ.

ಓದು, ಅನುಭವ ಮುಗಿಸಿ ಚಿಂತಾಮಣಿಗೆ ಮರಳುವ ಮನಸ್ಸಿದ್ದರೆ ಒಂದು ವ್ಯಾವಹಾರಿಕ ಮಾತು. ಶ್ರವಣ ಪರೀಕ್ಷೆಗೆ ಹೊರಗಿನ ಸದ್ದು ನುಗ್ಗದ ಕೊಠಡಿ ಮತ್ತು ದುಬಾರಿ ಯಂತ್ರಗಳು ಬೇಕು. ವಾಕ್ ಚಿಕಿತ್ಸೆಗೆ ಬೇಕಾದದ್ದು ಸಣ್ಣ ಕೋಣೆ, ಕನ್ನಡಿ, ಚಿತ್ರಗಳು, ಆಟಿಕೆಗಳು, ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ನಿಮ್ಮ ನೋಂದಣಿ ಸಂಖ್ಯೆ. ಸಾಲ ಮಾಡಿ ಎರಡನ್ನೂ ಒಟ್ಟಿಗೆ ತೆರೆಯಬೇಡಿ. ಚಿಕಿತ್ಸೆಯಿಂದ ಆರಂಭಿಸಿ, ಶ್ರವಣ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ವೈದ್ಯಕೀಯ ಕಾಲೇಜಿಗೋ ಚೀಟಿ ಬರೆದು ಕಳುಹಿಸಿ. ಮೊದಲ ವರ್ಷ ಬರುವ ಮಕ್ಕಳಲ್ಲಿ ಅರ್ಧದಷ್ಟು ನಿಮ್ಮನ್ನು ಅಂಗನವಾಡಿ ಕಾರ್ಯಕರ್ತೆಯರ ಮೂಲಕವೇ ತಲುಪುತ್ತಾರೆಂದು ಎಣಿಸಿ, ಜಾಹೀರಾತಿಗೆ ಹಣ ಸುರಿಯುವ ಮೊದಲು ಅವರ ತಿಂಗಳ ಸಭೆಯಲ್ಲಿ ಅರ್ಧ ಗಂಟೆ ಮಾತನಾಡಲು ಅವಕಾಶ ಕೇಳಿ.